ಎದುರು ಕುರ್ಚಿಯ ಕ್ಯಾಪ್ಟನ್

ನಮ್ಮ ಅಸೋಸಿಯೇಷನ್ನಿನ ನ್ಯೂಸ್‌ಲೆಟರ್‌ಗೆ ಮೊನ್ನೆ ತೀರಿಕೊಂಡ ಕ್ಯಾಪ್ಟನ್ ಸಾಹೇಬರ ಬಗ್ಗೆ ಅರ್ಧ ಪುಟ ಬರೆದುಕೊಡಿ ಎಂದು ಸೆಕ್ರೆಟರಿ ಫೋನ್ ಮಾಡಿದಾಗ ಹೂಂ ಅಂದೆ. ಅರ್ಧ ಪುಟ ಇಂಗ್ಲಿಷ್ ನನಗೇನು ಮಹಾ ಕೆಲಸವಲ್ಲ. ಗುಲ್ಬರ್ಗದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆರಳಿನ ಗಂಟಿಗೆ ಹೊಡೆದು ಕಲಿಸಿದ ಇಂಗ್ಲಿಷು ಇನ್ನೂ ತುಕ್ಕು ಹಿಡಿದಿಲ್ಲ. ‘ಎ ಥರೋ ಜಂಟಲ್‌ಮನ್’ ಎಂದು ಶುರು ಮಾಡಿದರೆ ಉಳಿದದ್ದು ತಾನೇ ಬರುತ್ತದೆ. ಆದರೆ ಫೋನ್ ಇಡುವ ಮೊದಲು ಸೆಕ್ರೆಟರಿ ದನಿ ತಗ್ಗಿಸಿದರು. “ಮೇಡಂ, ಬಿಟ್ವೀನ್ ಅಸ್, ಆ ಮನುಷ್ಯ ಎಂದಾದರೂ ಇನ್ ಕಮಾಂಡ್ ಇದ್ದರಾ? ನಿಮ್ಮ ಭಾಷೆಯವರು, ನಿಮಗೆ ಗೊತ್ತಿರಬೇಕು. ಪ್ರೆಸಿಡೆಂಟ್ ಸಾಹೇಬರು ಗಂಟೆ ಬಾರಿಸಿಯೇ ತೀರುತ್ತೇನೆ ಅಂತಿದ್ದಾರೆ. ಕಮಿಟಿಯಲ್ಲಿ ದೊಡ್ಡ ಗಲಾಟೆ.”

ಗಲಾಟೆ ಯಾಕೆಂದು ಹೊರಗಿನವರಿಗೆ ಹೇಳಬೇಕು. ನಮ್ಮದು ಹಡಗಿನಿಂದ ನಿವೃತ್ತರಾದ ಹಿರಿಯ ಅಧಿಕಾರಿಗಳ ಸಂಘ. ಫುಲ್ ಮೆಂಬರ್ ಆಗಬೇಕಾದರೆ ಕ್ಯಾಪ್ಟನ್ ಆಗಿ ಹಡಗು ನಡೆಸಿರಬೇಕು, ಇಲ್ಲವೇ ಚೀಫ್ ಇಂಜಿನಿಯರ್ ಆಗಿರಬೇಕು. ಕ್ಯಾಪ್ಟನ್ ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟ್ ಕೈಯಲ್ಲಿದ್ದೂ ಹಡಗು ಸಿಗದವರು ಅಸೋಸಿಯೇಟ್ ಮೆಂಬರ್. ಫುಲ್ ಮೆಂಬರ್ ತೀರಿಕೊಂಡರೆ ಹಾಲ್‌ನಲ್ಲಿ ತೂಗುಹಾಕಿರುವ ಹಳೆಯ ಹಿತ್ತಾಳೆ ಗಂಟೆಯನ್ನು ಪ್ರೆಸಿಡೆಂಟ್ ತಮ್ಮ ಕೈಯಾರೆ ಎಂಟು ಸಲ ಬಾರಿಸುತ್ತಾರೆ, ಎರಡೆರಡರ ಜೋಡಿಯಾಗಿ. ಹಡಗಿನಲ್ಲಿ ಎಂಟು ಹೊಡೆತ ಅಂದರೆ ನಿನ್ನ ಪಾಳಿ ಮುಗಿಯಿತು, ಹೋಗಿ ಮಲಗು ಎಂದರ್ಥ. ಅಸೋಸಿಯೇಟ್ ಮೆಂಬರ್ ತೀರಿಕೊಂಡರೆ ಒಂದು ನಿಮಿಷ ಮೌನ, ಆಮೇಲೆ ಚಹಾ.

“ನನಗೆ ಗೊತ್ತಿಲ್ಲ,” ಎಂದೆ.

ಸುಳ್ಳೇನೂ ಅಲ್ಲ. ಗೊತ್ತಿರುವುದು ಬೇರೆ, ಸಂಶಯವಿರುವುದು ಬೇರೆ. ಈ ಮನುಷ್ಯನ ವಿಷಯದಲ್ಲಿ ನನ್ನ ಹತ್ತಿರ ಇದ್ದದ್ದೆಲ್ಲ ಸಂಶಯವೇ. ಅದನ್ನು ಅರ್ಧ ಪುಟದ ಇಂಗ್ಲಿಷಿನಲ್ಲಿ ಹಾಕಲು ಬರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಇದು.

ಹಡಗಿನವನ ಹೆಂಡತಿ ಹುಟ್ಟಿನಿಂದ ಅಲ್ಲದಿದ್ದರೂ ಮದುವೆಯಿಂದ ಸಂಶಯದ ಪ್ರಾಣಿ. ನಮ್ಮವರು ಚೀಫ್ ಇಂಜಿನಿಯರ್ ಆಗಿದ್ದರು. ತಿಂಗಳುಗಟ್ಟಲೆ ಯಾವ ಬಂದರಿನಲ್ಲಿ ಯಾರ ಜೊತೆ ಕೂತು ಉಂಡರೋ ದೇವರಿಗೇ ಗೊತ್ತು. ಮನೆಗೆ ಬಂದಾಗ ಅವರು ಕೊಡುವ ಸೆಂಟಿನ ಬಾಟಲಿಯನ್ನು ನಾನು ಮೂಗಿಗೆ ಹಿಡಿಯುವ ಮೊದಲು ಬೆಳಕಿಗೆ ಹಿಡಿಯುತ್ತಿದ್ದೆ, ಯಾರಾದರೂ ಒಂದೆರಡು ಹನಿ ಬಳಸಿದ್ದಾರೋ ಎಂದು. “ನಿನ್ನನ್ನು ಕಸ್ಟಮ್ಸ್‌ನಲ್ಲಿ ಕೆಲಸಕ್ಕೆ ಹಾಕಬೇಕಿತ್ತು,” ಎಂದು ಅವರು ನಗುತ್ತಿದ್ದರು. ಹಾಗೆ ತರಬೇತಾದ ಕಣ್ಣು ಇದು. ನಿವೃತ್ತಿಯಾಗಿ ನಾಶಿಕಕ್ಕೆ ಬಂದು ನೆಲೆಸಿದ ಮೇಲೂ ಅದಕ್ಕೆ ಪೆನ್ಷನ್ ಸಿಗಲಿಲ್ಲ.

ನಾಶಿಕದಲ್ಲಿ ಸಮುದ್ರವೆಲ್ಲಿ ಎಂದು ಬಂದವರೆಲ್ಲ ಕೇಳುತ್ತಾರೆ. ಸಮುದ್ರವಿಲ್ಲ, ಅದಕ್ಕೇ ಇಲ್ಲಿದ್ದೇವೆ ಎಂದು ನಮ್ಮ ಕ್ಯಾಪ್ಟನ್ನರು ಉತ್ತರ ಕೊಡುತ್ತಾರೆ. ಸಾತಪುರದ ಕಾರ್ಖಾನೆಗಳ ನಡುವೆ, ಒಂದು ಕ್ಯಾಂಟೀನಿನ ಮೇಲಿನ ಬಾಡಿಗೆ ಹಾಲ್ ನಮ್ಮದು. ತಿಂಗಳ ಮೊದಲ ಭಾನುವಾರ ಸೇರುತ್ತೇವೆ. ಕೆಳಗೆ ಪಾಳಿ ಬದಲಾಗಿ ಮೋಟರ್‌ಸೈಕಲ್‌ಗಳು ಗುಂಯ್‌ಗುಟ್ಟುತ್ತಿದ್ದರೆ ಮೇಲೆ ಇವರದು ಮಲಕ್ಕಾ ಜಲಸಂಧಿ, ಸುಯೆಜ್ ಕಾಲುವೆ. ಮೇಲೆ ನಿಂತು ಹಡಗು ನಡೆಸುವ ಡೆಕ್ಕಿನವರು ಬಲಗಡೆ, ಇಂಜಿನಿಯರ್‌ಗಳು ಎಡಗಡೆ. ಭಜಿಯ ತಟ್ಟೆ ಮೊದಲು ಬಲಗಡೆಗೇ ಹೋಗುತ್ತದೆ. ಇದರ ಮೇಲೆ ನಮ್ಮವರು ಸಾಯುವ ತನಕ ಪ್ರೊಟೆಸ್ಟ್ ಮಾಡಿದರು. ಹಾಲ್‌ನಲ್ಲಿ ಯಾರೂ ಸಿಳ್ಳೆ ಹಾಕುವಂತಿಲ್ಲ, ಗಾಳಿಯನ್ನು ಕರೆದಂತಾಗುತ್ತದೆ. ಆ್ಯನ್ಯುಯಲ್ ಡಿನ್ನರ್‌ನಲ್ಲಿ ಕ್ಯಾಪ್ಟನ್ ಆಗಿದ್ದ ಪ್ರತಿ ಫುಲ್ ಮೆಂಬರ್ ಎದ್ದು ನಿಂತು ತಾನು ಮೊದಲು ನಡೆಸಿದ ಹಡಗಿನ ಹೆಸರು ಹೇಳಬೇಕು, ಎಷ್ಟು ಸಲ ಹೇಳಿದ್ದರೂ. ಆ ಹೊತ್ತಿನಲ್ಲಿ ಎಂಬತ್ತರ ಮುದುಕರ ಮುಖ ಮದುಮಕ್ಕಳ ಮುಖದ ಹಾಗಾಗುವುದನ್ನು ನಾನು ನೋಡಿದ್ದೇನೆ.

ಅಂಥ ಒಂದು ಭಾನುವಾರ ಈ ಕ್ಯಾಪ್ಟನ್ ಸಾಹೇಬರು ಮೊದಲ ಸಲ ಬಂದರು. ಅಂದಿನ ಭಜಿಯ ಎಣ್ಣೆ ವಾಸನೆ ಹಿಡಿದಿತ್ತು. ಯಾರಿಗೂ ತಿಳಿಯದಿರಲೆಂದು ನಾನು ನಮ್ಮವರ ಕಿವಿಯಲ್ಲಿ ಕನ್ನಡದಲ್ಲಿ, “ಈ ಎಣ್ಣಿ ಹೋದ ತಿಂಗಳದ್ದೇ ಇರಬೇಕು,” ಎಂದೆ. ಹಿಂದಿನಿಂದ ಒಂದು ದನಿ, “ಹೌದ್ರಿ ಮೇಡಂ, ಕರೆಕ್ಟ್ ಅದ.”

ತಿರುಗಿ ನೋಡಿದರೆ ಇವರು. ಬಡಕಲು ಮೈ, ಗಂಜಿ ಹಾಕಿ ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಎರಡೂ ಕೈ ಬೆನ್ನ ಹಿಂದೆ, ಕಾಲು ಸ್ವಲ್ಪ ಅಗಲ. ನೆಲ ಅಲುಗಾಡಬಹುದು ಎಂದು ಕಾಯುತ್ತಿರುವವರ ನಿಲುವು. ಶರಣ್ರಿ ಎಂದು ಕೈಮುಗಿದರು. ಬೀದರ ಜಿಲ್ಲೆಯವರು, ಈಗ ಔರಂಗಾಬಾದಿನಲ್ಲಿ ಮನೆ. ಅದಕ್ಕೆ ಈಗ ಛತ್ರಪತಿ ಸಂಭಾಜಿನಗರ ಅನ್ನಬೇಕು, ನನ್ನ ನಾಲಿಗೆ ಇನ್ನೂ ತಿರುಗುತ್ತಿಲ್ಲ. ಅಲ್ಲಿಂದ ಎಸ್‌ಟಿ ಬಸ್ಸಿನಲ್ಲಿ, ಯೇವಲಾ ಮೇಲಿಂದ ಬಂದಿದ್ದರು.

ಎಣ್ಣೆ ಹಳೆಯ ಭಜಿ ತಿನ್ನಲು ಇಷ್ಟು ದೂರ ಯಾರು ಬರುತ್ತಾರೆ? ನನ್ನ ಮೊದಲ ಸಂಶಯ ಪ್ಲಾಟಿನದು. ಆ ಊರಿನಿಂದ ಬರುವ ನಿವೃತ್ತರಲ್ಲಿ ಅರ್ಧ ಜನ ಬಿಡಕಿನ್ ಹತ್ತಿರ ಪ್ಲಾಟ್ ಮಾರುವವರು. ಕಾರ್ಖಾನೆಗಳು ಬಂದೇ ಬಿಟ್ಟವು, ಈಗಲೇ ಬುಕ್ ಮಾಡ್ರಿ ಅನ್ನುವವರು. ಇವರ ಚೀಲದಿಂದ ಬಣ್ಣದ ಬ್ರೋಷರ್ ಯಾವಾಗ ಹೊರಬರುತ್ತದೋ ಎಂದು ಹಲವು ಭಾನುವಾರ ಕಾದೆ. ಚೀಲದಿಂದ ಬಂದದ್ದು ಟವೆಲ್, ನೀರಿನ ಬಾಟಲಿ, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ. ಎಲ್ಲರಿಗೂ ಅವರು ಕ್ಯಾಪ್ಟನ್. ಆದರೆ ಡಿನ್ನರ್‌ನಲ್ಲಿ ಮೊದಲ ಹಡಗಿನ ಹೆಸರು ಹೇಳುವ ಸರದಿ ಬಲಗಡೆಯ ಸಾಲಿನಲ್ಲಿ ಹತ್ತಿರವಾಗುತ್ತಿದ್ದಂತೆ ಇವರು ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಪ್ರತಿ ವರ್ಷ, ಅದೇ ಹೊತ್ತಿಗೆ, ಅದೇ ನೀರಡಿಕೆ. ಎರಡನೆಯ ಸಂಶಯ ಅಲ್ಲಿ ಹುಟ್ಟಿತು: ಇವರು ಕ್ಯಾಪ್ಟನ್ನೇ ಅಲ್ಲ.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಒಮ್ಮೆ ಬಸ್ಸಿಗೆ ಹೊತ್ತಿದೆ ಎಂದು ನಮ್ಮವರು ಅವರನ್ನು ಮನೆಗೆ ಕರೆತಂದರು. ಒಲೆಯ ಮೇಲೆ ಹಾಲಿಟ್ಟಿದ್ದೆ, ಪಡಸಾಲೆಯಲ್ಲಿ ಫೋನ್ ಬಡಿದುಕೊಂಡಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರಿಗೆ, “ಒಂಚೂರು ಹಾಲು ನೋಡ್ರಿ,” ಎಂದು ಹೊರಟೆ. ಅವರು ನನ್ನನ್ನು ತಡೆದು ಕೇಳಿದರು: “ಅಂದ್ರ ಹಾಲು ಈಗ ನನ್ನ ಕೈಯಾಗ ಅದ ಏನ್ರಿ?”

“ಹೌದ್ರೀ, ನೋಡ್ತಾ ಇರ್ರಿ.”

“ಹಂಗಲ್ರಿ. ನನ್ನ ಕೈಗೆ ಕೊಟ್ಟೆ ಅಂತ ಹೇಳ್ರಿ.”

“ಕೊಟ್ಟೇರಿ ಮಾರಾಯ್ರೆ, ನಿಮ್ಮ ಕೈಗೇ ಕೊಟ್ಟೆ!”

ನನ್ನ ತಂಗಿಯ ಫೋನು. ಬೇಗ ಮುಗಿಯುವ ಜಾತಿಯದಲ್ಲ. ಬಂದು ನೋಡಿದರೆ ಈ ಮನುಷ್ಯ ಗ್ಯಾಸ್ ಸಣ್ಣ ಮಾಡಿ, ಹಾಲಿನ ಮೇಲಿಂದ ಕಣ್ಣು ಕದಲಿಸದೆ ನಿಂತಿದ್ದಾರೆ. ನಮ್ಮವರು ಪಡಸಾಲೆಯಿಂದ ಎರಡು ಸಲ ಕರೆದರಂತೆ, ಹೋಗಿರಲಿಲ್ಲ. “ತಗೋರಿ, ನಿಮ್ಮ ಕೈಗೆ ವಾಪಸ್ ಕೊಟ್ಟೆ,” ಎಂದು ಹೇಳಿ, ನಾನು ಹೂಂ ಅನ್ನುವ ತನಕ ಅಲ್ಲೇ ನಿಂತು, ಆಮೇಲೆ ಹೊರಗೆ ಹೋದರು. ಹಾಲಿನ ಮೇಲೆ ಕೆನೆ ಚೆನ್ನಾಗಿ ಕಟ್ಟಿತ್ತು. ನನಗೆ ಮಾತ್ರ ಸಂಶಯ ಹೆಚ್ಚಿತು. ಇಷ್ಟು ಹುಷಾರು ಒಳ್ಳೆಯ ಮನುಷ್ಯನಿಗೆ ಯಾಕೆ ಬೇಕು? ಎಲ್ಲೋ ಏನೋ ಉಕ್ಕಿಸಿ ಬಂದವರು ಇವರು ಎಂದುಕೊಂಡೆ.

ಇನ್ನೊಮ್ಮೆ ಅಸೋಸಿಯೇಷನ್ನಿನ ಪಿಕ್‌ನಿಕ್. ಗಂಗಾಪುರ ಡ್ಯಾಮಿನಾಚೆ ದ್ರಾಕ್ಷಿ ತೋಟಕ್ಕೆ ಹೊರಟ ನಮ್ಮ ಮಿನಿಬಸ್ಸನ್ನು ಸಣ್ಣ ದಾರಿಯಲ್ಲಿ ಹಿಂದಕ್ಕೆ ತೆಗೆಯಬೇಕಾಯಿತು. ಬಸ್ಸಿನ ತುಂಬ ಕ್ಯಾಪ್ಟನ್ನರು! ಒಬ್ಬರು ಎಡಕ್ಕೆ ಅಂದರು, ಒಬ್ಬರು ಸ್ಟಾರ್‌ಬೋರ್ಡ್, ಅಂದರೆ ಬಲಕ್ಕೆ, ಅಂದರು, ಒಬ್ಬರು ಡೆಡ್ ಸ್ಲೋ ಅಸ್ಟರ್ನ್, ಅಂದರೆ ಮೆಲ್ಲಗೆ ಹಿಂದಕ್ಕೆ, ಎಂದು ಕೂಗಿದರು. ಪಾಪ, ಮಾಲೆಗಾಂವ್ ಕಡೆಯ ಡ್ರೈವರ್ ಬೆವರಿಹೋದ. ಇವರು ಹಿಂದಿನ ಸೀಟಿನಿಂದ ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಮರಾಠಿಯಲ್ಲಿ, “ಭಾವೂ, ಗಾಡಿ ಯಾರ ಕೈಯಲ್ಲಿದೆ? ನಿನ್ನ ಕೈಯಲ್ಲಾ? ಹಾಗಾದರೆ ಯಾರ ಮಾತೂ ಕೇಳಬೇಡ,” ಎಂದು ಹೇಳಿ ವಾಪಸ್ ಬಂದು ಕೂತರು. ಬಸ್ಸು ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಪ್ರೆಸಿಡೆಂಟ್ ಒಬ್ಬರನ್ನು ಬಿಟ್ಟು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಅದನ್ನೂ ನೋಡಿದೆ.

ಆಮೇಲೆ ನನ್ನ ಕಣ್ಣು ಇಬ್ಬರ ಮೇಲೂ ನೆಟ್ಟಿತು. ಪ್ರೆಸಿಡೆಂಟ್ ನಮ್ಮ ಸಂಘದ ಅತಿ ಹಿರಿಯ ಕ್ಯಾಪ್ಟನ್. ಎತ್ತರದ ಆಳು, ಪಾರಿವಾಳದ ಬಣ್ಣದ ಸೂಟು, ಬೆಳ್ಳಿ ಹಿಡಿಯ ಬೆತ್ತ. ಮಾತಾಡಿದರೆ ಹಳೆಯ ರೇಡಿಯೋ ವಾರ್ತೆ ಕೇಳಿದ ಹಾಗೆ. ಎಲ್ಲರನ್ನೂ ಕ್ಯಾಪ್ಟನ್, ಚೀಫ್ ಎಂದು ಕರೆಯುವವರು ಇವರೊಬ್ಬರನ್ನು ಮಾತ್ರ ‘ಮೈ ಡಿಯರ್ ಫೆಲೋ’ ಅನ್ನುತ್ತಿದ್ದರು. ಇವರೋ, ಎಷ್ಟೇ ಕುರ್ಚಿ ಖಾಲಿಯಿರಲಿ, ಪ್ರೆಸಿಡೆಂಟರ ನೇರ ಎದುರಿನ ಕುರ್ಚಿಯಲ್ಲೇ ಕೂರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಕೈ ಮೊಣಕಾಲ ಮೇಲೆ, ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ಮೀಟಿಂಗ್ ಮುಗಿದ ಮೇಲೆ ಪ್ರೆಸಿಡೆಂಟರ ಹತ್ತಿರ ಹೋಗಿ, “ಬರ್ತೀನಿ ಸರ್,” ಅನ್ನುವುದು. ಅವರು, “ಸೇಫ್ ಜರ್ನಿ, ಮೈ ಡಿಯರ್ ಫೆಲೋ,” ಅನ್ನುವುದು. ಇಷ್ಟೇ. ಬ್ಲ್ಯಾಕ್‌ಮೇಲ್ ಇರಬಹುದೇ ಎಂದು ನಾನು ನಮ್ಮವರನ್ನು ಕೇಳಿದೆ.

“ಅದು ಡೆಕ್ಕಿನವರ ವಿಷಯ,” ಎಂದರು ನಮ್ಮವರು. “ನಾವು ಕೆಳಗಿನ ಇಂಜಿನ್ ರೂಮಿನವರು. ಮೇಲೆ ಏನಾಯಿತು ಅಂತ ನಮಗೆ ಕಾಣಿಸುವುದಿಲ್ಲ.”

“ಅಂದರೆ ಏನೋ ಆಗಿದೆ?”

“ಚಹಾ ಇಡು.”

ಅವರಿಗೆ ಗೊತ್ತಿತ್ತು ಎಂದೇ ನನ್ನ ಸಂಶಯ. ಹೇಳದೆಯೇ ಹೋದರು. ಅವರಿಗಾಗಿ ಎಂಟು ಸಲ ಗಂಟೆಯಾದಾಗ ಇಡೀ ಹಾಲ್ ಎದ್ದು ನಿಂತಿತ್ತು. ಎಷ್ಟೋ ದಿನ ನನಗೆ ಅಳುವೇ ಬಂದಿರಲಿಲ್ಲ. ನಾಲ್ಕನೆಯ ಜೋಡಿ ಕೇಳಿದ ಮೇಲೆ ಅತ್ತೆ. ಅಂದು ಇವರು ನನ್ನ ಹತ್ತಿರ ಬಂದು, “ಚೀಫ್ ಸಾಹೇಬ್ರು ಪುಣ್ಯವಂತರು ಅಕ್ಕಾವ್ರೆ,” ಎಂದರು. “ಪಾಳಿ ಮುಗೀತು ಅಂತ ಅವರಿಗೆ ಬಾಯಿ ಬಿಟ್ಟು ಹೇಳಿದ್ರು.” ಅಲ್ಲಿಯ ತನಕ ಮೇಡಂ ಅನ್ನುತ್ತಿದ್ದವರು ಅಂದಿನಿಂದ ಅಕ್ಕಾವ್ರೆ ಅನ್ನತೊಡಗಿದರು.

ನಮ್ಮ ಸಂಘದಲ್ಲಿ ವಿಧವೆಯರು ಮೀಟಿಂಗಿಗೆ ಬರುವ ಪದ್ಧತಿಯಿದೆ, ಗಂಡ ಯಾವ ದರ್ಜೆಯ ಮೆಂಬರ್ ಆಗಿದ್ದರೂ. ನಾನು ಹೋಗುತ್ತಲೇ ಇದ್ದೆ. ಭಜಿಗೋಸ್ಕರ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಗುಟ್ಟು ರಟ್ಟಾದದ್ದು ಸಂಭಾಜಿನಗರದಲ್ಲಿ. ಅಲ್ಲಿ ನಮ್ಮ ಸಂಬಂಧಿಕರ ಮದುವೆಯಿತ್ತು. ಮರುದಿನ ಊಟಕ್ಕೆ ಬರಲೇಬೇಕು ಎಂದು ಇವರ ಹೆಂಡತಿ ಫೋನ್ ಮಾಡಿದ್ದರು. ಸಿಡ್ಕೋ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಸಮುದ್ರದ ಒಂದು ಚಿತ್ರ ಕೂಡ ಗೋಡೆಯ ಮೇಲಿಲ್ಲ. ಹಡಗು ಬಿಟ್ಟ ಮೇಲೆ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದರಂತೆ. ಅಲ್ಲಿಯ ಫೋಟೋ ಮಾತ್ರ ಇತ್ತು, ತಲೆಯ ಮೇಲೆ ಹಳದಿ ಹೆಲ್ಮೆಟ್. ಅವರು ಎಲೆ ಅಡಿಕೆ ತರಲು ಹೊರಗೆ ಹೋದದ್ದೇ ತಡ, ಹೆಂಡತಿ ನನ್ನ ಮುಂದೆ ಪೀಠ ಎಳೆದುಕೊಂಡು ಕೂತರು. ಗುಂಡಗಿನ, ಚುರುಕು ಕಣ್ಣಿನ ಹೆಂಗಸು.

“ಅಕ್ಕಾ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾಶಿಕದಾಗ ಇವ್ರು ಯಾರ ಮನಿಗೆ ಹೋಗ್ತಾರ?”

“ಯಾರ ಮನಿಗೂ ಇಲ್ಲ. ಹಾಲ್‌ಗೆ ಬರ್ತಾರ, ಕೂಡ್ತಾರ, ಬಸ್ ಹಿಡೀತಾರ.”

“ಖರೇನ? ನಾ ಮೊದಲ ತಿಳ್ಕೊಂಡಿದ್ದೆ, ಅಲ್ಲಿ ಯಾವಕಿನ್ನೋ ಇಟ್ಟಾರ ಅಂತ. ಆಮ್ಯಾಲ ನಿಮ್ಮ ಮಾತು ಭಾಳ ಬರಲಿಕ್ಹತ್ತು. ಅಕ್ಕಾವ್ರು ಹಿಂಗಂದ್ರು, ಅಕ್ಕಾವ್ರ ಮನ್ಯಾಗ ಹಾಲು ಕಾಸಿದೆ. ನನಗ ಹಾಲು ಕಾಸಿ ಕೊಡಲಾರದ ಗಂಡಸು! ಅದಕ್ಕ ನಿಮ್ಮನ್ನ ಊಟಕ್ಕ ಕರದೆ. ಈಗ ನಿಮ್ಮನ್ನ ಕಣ್ಣಾರೆ ನೋಡಿದ ಮ್ಯಾಲ ಸಮಾಧಾನ ಆತು ನೋಡ್ರಿ.”

ಇದು ಹೊಗಳಿಕೆಯೋ ಅಲ್ಲವೋ ನಾನು ಇನ್ನೂ ತೀರ್ಮಾನಿಸಿಲ್ಲ. ಆದರೆ ಸಂಶಯದ ವಿಷಯದಲ್ಲಿ ನನ್ನನ್ನು ಮೀರಿಸಿದವರು ಸಿಕ್ಕರಲ್ಲ ಎಂದು ಖುಷಿಯಾಯಿತು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಹಂಗಾರ ಇನ್ನೂ ಅದಕ್ಕೇ ಹೋಗ್ತಾರ,” ಎಂದರು. ಆಮೇಲೆ ಹೇಳಿದರು.

ಅದು ಹೀಗೆ. ಹಡಗು ನಡೆಸುವ ಮೇಲಿನ ಕೋಣೆಗೆ ಬ್ರಿಜ್ ಅನ್ನುತ್ತಾರೆ. ಅಲ್ಲಿ ಪಾಳಿಯ ಮೇಲಿರುವ ಆಫೀಸರ್ ಕೈಯಲ್ಲಿ ಹಡಗಿರುತ್ತದೆ. ಕ್ಯಾಪ್ಟನ್ ಯಾವಾಗ ಬೇಕಾದರೂ ಬಂದು ನಿಲ್ಲಬಹುದು, ನೋಡಬಹುದು. ಅವರು ಬಂದು ನಿಂತ ಮಾತ್ರಕ್ಕೆ ಹಡಗು ಅವರ ಕೈಗೆ ಹೋಗುವುದಿಲ್ಲ. ‘ನಾನು ತೆಗೆದುಕೊಂಡೆ’ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳುವ ತನಕ ಜವಾಬ್ದಾರಿ ಪಾಳಿಯವನದೇ. ಹಡಗಿನವರ ಹೆಂಡತಿಯರಿಗೂ ಇದು ಬಾಯಿಪಾಠ. ಇವರು ಆಗ ಚೀಫ್ ಆಫೀಸರ್, ಕ್ಯಾಪ್ಟನ್ನನ ನಂತರದವರು. ಮುಂದಿನ ಸಲ ಹಡಗು ಕೊಡುತ್ತೇವೆ ಎಂದು ಕಂಪನಿ ಮಾತು ಕೊಟ್ಟಿತ್ತಂತೆ. ಒಂದು ನಸುಕಿನಲ್ಲಿ, ಇಕ್ಕಟ್ಟಾದ ಜಲಸಂಧಿಯಲ್ಲಿ, ಪಾಳಿ ಇವರದು. ಕ್ಯಾಪ್ಟನ್ ಚಹಾದ ಮಗ್ ಹಿಡಿದು ಮೇಲೆ ಬಂದರು. ಬಂದವರು ಇವರಿಗೆ ಏನೂ ಹೇಳದೆ, ಚುಕ್ಕಾಣಿ ಹಿಡಿದವನಿಗೆ ನೇರವಾಗಿ ಇಷ್ಟು ಬಲಕ್ಕೆ ತಿರುಗಿಸು ಎಂದರು. ಕ್ಯಾಪ್ಟನ್ ಸ್ವತಃ ಚುಕ್ಕಾಣಿಯವನಿಗೆ ಆರ್ಡರ್ ಕೊಟ್ಟರು, ಅಂದರೆ ಹಡಗು ತಮ್ಮ ಕೈಗೆ ತೆಗೆದುಕೊಂಡರು ಎಂದು ಇವರು ತಿಳಿದರು. ಒಳಗೆ ನಕಾಶೆಯ ಮೇಜಿಗೆ ಹೋದರು. ಕ್ಯಾಪ್ಟನ್, ತಾನು ಸುಮ್ಮನೆ ಒಂದು ಮಾತು ಹೇಳಿದೆ, ಉಳಿದದ್ದನ್ನು ಆಫೀಸರ್ ನೋಡಿಕೊಳ್ಳುತ್ತಾನೆ ಎಂದು ಚಹಾ ಕುಡಿದರು. ಹಡಗು ಯಾರ ಕೈಯಲ್ಲೂ ಇರಲಿಲ್ಲ. ಮರಳುದಿಣ್ಣೆಗೆ ಹೋಗಿ ಕೂತಿತು.

ಯಾರೂ ಸಾಯಲಿಲ್ಲ. ಭರತದ ನೀರು ಏರಿದಾಗ ಹಡಗನ್ನು ಎಳೆದು ತೆಗೆದರು. ವಿಚಾರಣೆಯಲ್ಲಿ ಕ್ಯಾಪ್ಟನ್, “ನಾನು ತೆಗೆದುಕೊಂಡೆ ಎಂದು ಹೇಳಿರಲಿಲ್ಲ,” ಎಂದರು. ಅದು ನಿಜ. ಚುಕ್ಕಾಣಿಯವನಿಗೆ ಆರ್ಡರ್ ಕೊಟ್ಟದ್ದನ್ನು ಹೇಳಲಿಲ್ಲ. ಚುಕ್ಕಾಣಿಯವನು ತನಗೆ ನೆನಪಿಲ್ಲ ಎಂದ. ತಪ್ಪು ಇವರದಾಯಿತು. ಇವರಿಗೆ ಮತ್ತೆ ಯಾವ ಕಂಪನಿಯೂ ಹಡಗು ಕೊಡಲಿಲ್ಲ. ಆ ಕ್ಯಾಪ್ಟನ್ ಯಾರೆಂದು ಹೇಳಬೇಕಾಗಿಲ್ಲ. ಬೆಳ್ಳಿ ಹಿಡಿಯ ಬೆತ್ತ.

“ಒಂದ್ ಮಾತು ಸಾಕಂತ್ರಿ ಇವರಿಗೆ,” ಎಂದರು ಹೆಂಡತಿ. “ಆರ್ಡರ್ ನಾನೇ ಕೊಟ್ಟಿದ್ದೆ, ಅಷ್ಟ. ಪೇಪರಿನಾಗ ಬ್ಯಾಡ, ಕೋರ್ಟಿನಾಗ ಬ್ಯಾಡ. ಆ ಜನರ ಮುಂದ.”

ಮುಂದಿನ ಮೊದಲ ಭಾನುವಾರ ನಾನು ಅವರನ್ನು ಮೆಟ್ಟಿಲಿನ ಮೇಲೆಯೇ ಹಿಡಿದೆ. “ಕ್ಯಾಪ್ಟನ್ ಸಾಹೇಬ್ರ, ನೀವು ಬರೂದು ಆ ಮಾತು ಕೇಳ್ಲಿಕ್ಕೆ ಹೌದಲ್ರಿ? ನೇರ ಕೇಳಿಬಿಡ್ರಿ ಮತ್ತ.”

ಅವರಿಗೆ ಸಿಟ್ಟು ಬರಲಿಲ್ಲ. ಹೆಂಡತಿ ಹೇಳಿದ್ದಾರೆಂದು ತಿಳಿದು ಸ್ವಲ್ಪ ನಾಚಿದರು. “ಕೇಳಿದ್ರ ಕೊಡೋ ಮಾತಲ್ರಿ ಅದು. ಎನ್‌ಕ್ವಾಯರಿಯೊಳಗ ಕೇಳಿದ್ರು, ಕೊಡಲಿಲ್ಲ.”

“ಮತ್ತ ಇಷ್ಟು ದೂರ ಯಾಕ ಬರ್ತೀರಿ?”

“ಅವರಿಗೆ ಹೇಳ್ಬೇಕು ಅನಸಿದ ದಿವಸ ನಾ ಎದುರಿಗೆ ಇರಬೇಕಲ್ರಿ ಅಕ್ಕಾವ್ರೆ.”

ಹೀಗೆ ಹೇಳಿ ಮೇಲೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಇಲ್ಲಿ ನಾನು ಕರಗಿ ನೀರಾಗಬೇಕಿತ್ತು. ಆಗಲಿಲ್ಲ. ಇದು ಒಂದೇ ಕಡೆಯ ಕತೆ. ಇವರು ಅಂದು ನಿಂತಲ್ಲೇ ತೂಕಡಿಸಿದ್ದರೆ? ಆ ಆರ್ಡರ್ ಆಮೇಲೆ ಇವರ ಮನಸ್ಸೇ ಕಟ್ಟಿಕೊಂಡದ್ದಾಗಿದ್ದರೆ? ಮನುಷ್ಯ ತನ್ನ ತಪ್ಪಿನ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿಕೊಳ್ಳುವುದು ಹೊಸತೇನಲ್ಲ. ಅದಕ್ಕೇ ಚಹಾದ ಹೊತ್ತಿಗೆ ಬಿಸ್ಕೆಟ್ ತಟ್ಟೆ ಹಿಡಿದು ಪ್ರೆಸಿಡೆಂಟರ ಪಕ್ಕ ಕೂತೆ. ಏನೂ ತಿಳಿಯದ ಮುದುಕಿಯ ಮುಖ ಮಾಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದೆ: “ಸರ್, ಕ್ಯಾಪ್ಟನ್ ಬ್ರಿಜ್‌ಗೆ ಬಂದು ಚುಕ್ಕಾಣಿಯವನಿಗೆ ತಾವೇ ಆರ್ಡರ್ ಕೊಟ್ಟರೆ, ಆಗ ಹಡಗು ಯಾರ ಕೈಯಲ್ಲಿದ್ದ ಹಾಗೆ?”

ಅವರ ಚಮಚ ಕಪ್ಪಿನಲ್ಲಿ ತಿರುಗುತ್ತಿದ್ದದ್ದು ನಿಂತಿತು. “ಇಟ್ ಡಿಪೆಂಡ್ಸ್, ಮೈ ಡಿಯರ್ ಲೇಡಿ.”

“ಯಾವುದರ ಮೇಲೆ?”

“ಏನು ಹೇಳಲಾಯಿತು ಎಂಬುದರ ಮೇಲೆ.” ಕಪ್ಪಿನೊಳಗೇ ನೋಡುತ್ತ, “ನಿಮ್ಮ ಹಸ್‌ಬೆಂಡ್ ಇಂಥ ಪ್ರಶ್ನೆ ಎಂದೂ ಕೇಳಲಿಲ್ಲ,” ಎಂದರು. ಚಮಚ ಮತ್ತೆ ತಿರುಗಿತು. ಸಕ್ಕರೆ ಕಾಯಿಲೆಯವರು ಅವರು. ಆ ಕಪ್ಪಿನಲ್ಲಿ ಸಕ್ಕರೆಯೇ ಇರಲಿಲ್ಲ.

ಇವರಿಗೆ ಅಸೋಸಿಯೇಟ್ ಮೆಂಬರ್‌ಶಿಪ್ ಕೊಡಿಸಿದವರೂ ಅದೇ ಪ್ರೆಸಿಡೆಂಟ್ ಎಂದು ನನಗೆ ಆಮೇಲೆ ತಿಳಿಯಿತು. ವಿಚಾರಣೆಯಲ್ಲಿ ತಪ್ಪಿತಸ್ಥನಾದವನು ನಮ್ಮಲ್ಲಿ ಬೇಡ ಎಂದು ಕಮಿಟಿ ಅಂದಾಗ, ಪ್ರೆಸಿಡೆಂಟರೇ ಮೇಜು ಕುಟ್ಟಿ ಸೇರಿಸಿದರಂತೆ. ಒಳ್ಳೆಯತನವೋ? ಕಣ್ಣೆದುರಿಗಿದ್ದರೆ ಕ್ಷೇಮ ಎಂಬ ಲೆಕ್ಕವೋ? ನಾನು ಎರಡನ್ನೂ ತೂಗಿ ನೋಡಿದೆ, ತಕ್ಕಡಿ ಒಂದು ಕಡೆಗೂ ವಾಲಲಿಲ್ಲ. ಹೀಗೆ ವರ್ಷಗಳೇ ಹೋದವು. ಪ್ರೆಸಿಡೆಂಟರ ಕಿವಿ ಮಂದವಾಯಿತು, ಇವರ ಹೆಜ್ಜೆ ನಿಧಾನವಾಯಿತು. ಬಸ್ಸು ಇಳಿದು ಬಂದವರಿಗೆ ಏದುಸಿರು. “ಒಂದ್ ತಿಂಗಳು ಬಿಡ್ರಿ,” ಎಂದರೆ, “ಅದೇ ತಿಂಗಳು ಅವರಿಗೆ ಅನಸಿದ್ರ?” ಅನ್ನುತ್ತಿದ್ದರು. ಎದುರು ಕುರ್ಚಿಯಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿ, ಮೊದಲು ಪ್ರೆಸಿಡೆಂಟರಿಗೆ ಒಂದು ತುಂಡು ಕೊಡುತ್ತಿದ್ದರು. ಅವರು ಅದನ್ನು ಬೇಡ ಅನ್ನದೆ ತಿನ್ನುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಜೋಳದ ರೊಟ್ಟಿ ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇವರು ಕಾಯುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತಲ್ಲೇ ಹೋದರು ಎಂದು ಹೆಂಡತಿ ಫೋನ್ ಮಾಡಿದರು. ಅಂದೇ ಪ್ರೆಸಿಡೆಂಟ್ ಕಮಿಟಿಗೆ ತಿಳಿಸಿದರಂತೆ: ಎಂಟು ಸಲ ಗಂಟೆ ಆಗಲೇಬೇಕು, ನಾನೇ ಬಾರಿಸುತ್ತೇನೆ. ನಿಯಮ ತೋರಿಸಿದವರಿಗೆ, ನಿಯಮ ಬರೆದವನೇ ನಾನು ಎಂದರಂತೆ. ಸೆಕ್ರೆಟರಿಗೆ ಇದು ದೊಡ್ಡ ಮನಸ್ಸಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಮಾತು ಕೊಡಬೇಕಾದಲ್ಲಿ ಗಂಟೆ ಕೊಟ್ಟು ಮುಗಿಸುತ್ತಿದ್ದಾರೆ ಎಂದು ನನ್ನ ಸಂಶಯ. ಹಿತ್ತಾಳೆ ಬಾಯಿ ಮಾಡಿದರೆ ಮನುಷ್ಯ ಬಾಯಿ ಬಿಡಬೇಕಾಗಿಲ್ಲವಲ್ಲ.

ಆ ಭಾನುವಾರ ಅವರ ಹೆಂಡತಿ ಒಬ್ಬರೇ ಬಂದರು. ಬಸ್ ಸ್ಟ್ಯಾಂಡಿಗೆ ಹೋಗಿ ಕರೆತಂದೆ. ಆಟೋದಲ್ಲಿ ಗಂಟೆಯ ವಿಷಯ ಹೇಳಿದೆ, ನನ್ನ ಸಂಶಯವನ್ನು ಹೇಳಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, “ಮಾತು ಹೇಳ್ತಾರಂತೇನ್ರಿ?” ಎಂದಷ್ಟೇ ಕೇಳಿದರು. ಗೊತ್ತಿಲ್ಲ ಎಂದೆ.

ಹಾಲ್ ತುಂಬಿತ್ತು. ಪ್ರೆಸಿಡೆಂಟ್ ಬೆತ್ತ ಊರಿಕೊಂಡು ಗಂಟೆಯ ತನಕ ಹೋದರು. ನಮ್ಮ ಸ್ನೇಹಿತ, ಒಳ್ಳೆಯ ನಾವಿಕ ಎಂದು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರು. ಎಲ್ಲರೂ ಎದ್ದು ನಿಂತರು. ಅವರು ಗಂಟೆಯ ಹಗ್ಗಕ್ಕೆ ಕೈ ಹಾಕಿದರು.

“ತಡೀರಿ ಸಾಹೇಬ್ರ.”

ನನ್ನ ಪಕ್ಕದಿಂದ ಬಂದ ದನಿ. ಪ್ರೆಸಿಡೆಂಟರಿಗೆ ಕೇಳಿಸಲಿಲ್ಲ, ಸೆಕ್ರೆಟರಿ ಅವರ ತೋಳು ಮುಟ್ಟಿದರು. ಹೆಂಡತಿ ನನ್ನ ಕಡೆ ತಿರುಗಿದರು. “ಅಕ್ಕಾ, ನನಗ ಅವರ ಭಾಷಾ ಬರೂದಿಲ್ಲ. ನೀವು ಹೇಳ್ರಿ. ಗಂಟಿ ಬ್ಯಾಡ. ನಮ್ಮನಿಯವ್ರು ಗಂಟಿ ಸಲುವಾಗಿ ಇಲ್ಲಿ ಬರ್ತಿದ್ದಿಲ್ಲ. ಯಾಕ ಬರ್ತಿದ್ರು ಅಂತ ಸಾಹೇಬ್ರಿಗೆ ಗೊತ್ತದ.”

ನಾನು ಇಂಗ್ಲಿಷಿಗೆ ತಂದು, ಕಿವಿ ಕೇಳದವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಇಡೀ ಹಾಲ್‌ಗೆ ಕೇಳಿಸಿತು. ಬಲಗಡೆಯ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಪ್ರೆಸಿಡೆಂಟ್ ಹಗ್ಗ ಬಿಟ್ಟರು. ಆ ಹೆಂಗಸಿನ ಕಡೆ ತಿರುಗಿದರು. ಬಂತು, ಈಗ ಬಂತು ಎಂದು ನಾನು ಕೂಡ ಕಾದೆ.

“ಇಟ್ ವಾಸ್ ಎ ಬ್ಯಾಡ್ ಮಾರ್ನಿಂಗ್,” ಎಂದರು. “ವಿ ವರ್ ಬೋತ್ ದೇರ್.”

“ಏನಂದ್ರಕ್ಕಾ?”

ಕನ್ನಡಕ್ಕೆ ತರುವಾಗ ಎರಡು ಶಬ್ದ ಜಾಸ್ತಿ ಹಾಕಿದ್ದರೆ ಆ ಹಾಲ್‌ನಲ್ಲಿ ಯಾರೂ ನನ್ನನ್ನು ಹಿಡಿಯುವವರಿರಲಿಲ್ಲ. ನಾಲಿಗೆಯ ತುದಿಯ ತನಕ ಬಂದಿತ್ತು. ಅವರ ಮುಖ ನೋಡಿದೆ. ಆ ಚುರುಕು ಕಣ್ಣಿಗೆ ಕಲಬೆರಕೆ ಹಾಲು ಕೊಡಲು ನನ್ನಿಂದ ಆಗಲಿಲ್ಲ.

“ಕೆಟ್ಟ ಮುಂಜಾನಿ ಅದು, ಇಬ್ಬರೂ ಅಲ್ಲೇ ಇದ್ದಿವಿ ಅಂತಾರ.”

“ಇಬ್ಬರೂ ಇದ್ರು ಅನ್ನೂದು ನನಗೂ ಗೊತ್ತದ. ಮುಂದ?”

“ಮುಂದೇನಿಲ್ಲ.”

“ಅಷ್ಟ?”

“ಅಷ್ಟ.”

ಅವರು ಅಳಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪ್ರೆಸಿಡೆಂಟರ ಮುಖವನ್ನೇ ನೋಡುತ್ತ ನನ್ನನ್ನು ಒಂದು ಮಾತು ಕೇಳಿದರು. ಪ್ರೆಸಿಡೆಂಟ್ ಬೆತ್ತದ ಮೇಲೆ ಬಾಗಿ ಕಿವಿಯ ಹಿಂದೆ ಅಂಗೈ ಹಿಡಿದರು. ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದರು.

“ಸರ್,” ಎಂದೆ, “ಮುಂದಿನ ಮೀಟಿಂಗ್ ಯಾವಾಗ ಅಂತ ಕೇಳುತ್ತಿದ್ದಾರೆ.”